ಮೂರನೇ ಮಹಡಿಯ ಕನ್ನಡ ಸಂಘ

ಕನ್ನಡ ಸಂಘಕ್ಕೆ ಯಾರೂ ಬರುತ್ತಿರಲಿಲ್ಲ. ಅದರ ಗುಣವೇ ಅದು.

ಬ್ರೂಕ್‌ಫೀಲ್ಡ್‌ನ ಆ ಶಾಲೆಯಲ್ಲಿ ರೋಬೋಟಿಕ್ಸ್ ಕ್ಲಬ್‌ಗೆ ಸೇರಲು ಕಾಯಬೇಕಿತ್ತು, ಡಿಬೇಟ್ ಕ್ಲಬ್‌ಗೆ ಪರೀಕ್ಷೆ ಬರೆಯಬೇಕಿತ್ತು, ಸ್ಟಾರ್ಟಪ್ ಕ್ಲಬ್ ಅಂತಲೂ ಒಂದಿತ್ತು. ಕನ್ನಡ ಸಂಘಕ್ಕೆ ಮೂರನೇ ಮಹಡಿಯ ಕೊನೆಯ ಕೋಣೆ ಕೊಟ್ಟಿದ್ದರು. ಅದರಾಚೆ ನೀರಿನ ಟ್ಯಾಂಕು, ಪಕ್ಕದಲ್ಲಿ ಯಾರೂ ಬಳಸದ ಸ್ಟಾಫ್ ಟಾಯ್ಲೆಟ್. ದಿನಾ ಊಟದ ಬಿಡುವಿನಲ್ಲಿ ಸಂಘ ಸೇರಬೇಕೆಂದು ನಿಯಮ. ಸೇರುತ್ತಿದ್ದವಳು ಕನ್ನಡದ ಟೀಚರ್ ನಿವೇದಿತಾ ಒಬ್ಬಳೇ. ಡಬ್ಬಿ ತೆರೆದು ಚಪಾತಿ ತಿನ್ನುತ್ತ ನೋಟ್‌ಬುಕ್ ತಿದ್ದುತ್ತಿದ್ದಳು. ರಾಣೆಬೆನ್ನೂರಿನಿಂದ ಬಂದ ಮೇಲೆ ಅವಳಿಗೆ ಸಿಕ್ಕಿದ್ದ ಖಾಲಿ ಜಾಗ ಅದೊಂದೇ. ಕಾಡುಗೋಡಿಯ ಬಾಡಿಗೆ ರೂಮಿನಲ್ಲಿ ಇನ್ನೊಬ್ಬಳಿದ್ದಳು, ಮೆಟ್ರೋದಲ್ಲಿ ಇಡೀ ಊರಿರುತ್ತಿತ್ತು.

ಜೂನ್ ತಿಂಗಳಲ್ಲಿ ಒಂದು ದಿನ ಹನ್ನೊಂದನೇ ತರಗತಿಯ ಕಾವ್ಯಾ ಬಂದು ಬಾಗಿಲಲ್ಲಿ ನಿಂತಳು.

"ಮೇಡಂ, ನಿಮ್ಮ ಕ್ಲಬ್‌ಗೆ ಯಾರೂ ಬರಲ್ವಂತೆ, ನಿಜಾನಾ?"

"ಅಣಕಿಸೋಕೆ ಮೂರು ಮಹಡಿ ಹತ್ತಿ ಬಂದ್ಯಾ?"

"ಇಲ್ಲ ಮೇಡಂ. ಯಾರೂ ಬರ್ದೇ ಇರೋ ಜಾಗ ಹುಡುಕ್ತಿದೀನಿ."

ಕಾವ್ಯಾ ಕೂತು ಎಲ್ಲ ಹೇಳಿದಳು. ಅವಳಿಗೆ ಹುಡುಗಿಯರೇ ಇಷ್ಟ. ಅದನ್ನವಳು ಮನೆಯಲ್ಲಿ ಹೇಳಿಲ್ಲ, ಇಲ್ಲಿ ಹೇಳುತ್ತಿದ್ದಾಳೆ. ಶಾಲೆಯಲ್ಲಿ ತನ್ನಂಥವರು ಇನ್ನೂ ಕೆಲವರಿದ್ದಾರೆ. ಅವರಲ್ಲಿ ಚಿಕ್ಕವರಿಗೆ ದಿನಾ ಕಾಟ. ಅಂಥವರಿಗೆ ಒಂದು ಕ್ಲಬ್ ಬೇಕೆಂದು ಪ್ರಿನ್ಸಿಪಾಲರನ್ನು ಕೇಳಿದ್ದಳು. ಪ್ರಿನ್ಸಿಪಾಲರು ಅವಳ ಧೈರ್ಯವನ್ನು ಹೊಗಳಿ, ಪೇರೆಂಟ್ಸ್ ಏನಂತಾರೋ ಎಂದು ನಿಟ್ಟುಸಿರಿಟ್ಟು, ಅದರ ಬದಲು ಒಂದು 'ಕೈಂಡ್‌ನೆಸ್ ವೀಕ್' ಮಾಡಿಸಿದರು. ಆ ವಾರವಿಡೀ ಎಲ್ಲರೂ ಹಳದಿ ಬ್ಯಾಡ್ಜ್ ಹಾಕಿಕೊಂಡು ಬಂದರು. ಒಂಬತ್ತನೇ ತರಗತಿಯ ವಿನಾಯಕನ ಬ್ಯಾಗನ್ನು ಕಮೋಡ್‌ನಲ್ಲಿ ಅದ್ದಿದವರೂ ಹಾಕಿಕೊಂಡಿದ್ದರು.

"ಕನ್ನಡ ಸಂಘ ಅಂದ್ರೆ ಯಾರಿಗೂ ಡೌಟೇ ಬರಲ್ಲ ಮೇಡಂ," ಎಂದಳು ಕಾವ್ಯಾ. "ಬೇಜಾರು ಮಾಡ್ಕೋಬೇಡಿ."

ನಿವೇದಿತಾ ಬೇಜಾರು ಮಾಡಿಕೊಳ್ಳಲಿಲ್ಲ. ಅವಳಿಗೆ ಅಷ್ಟು ಚೈತನ್ಯ ಉಳಿದಿರಲಿಲ್ಲ. ಎದುರಿದ್ದ ನೋಟ್‌ಬುಕ್ಕುಗಳನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದಳು, ಬೆಂಚಿನಲ್ಲಿ ಜಾಗವಾಯಿತು.

ಐದಾರು ಮಕ್ಕಳು ಬರತೊಡಗಿದರು. ಕಾವ್ಯಾ ಮತ್ತು ವಿನಾಯಕನನ್ನು ಬಿಟ್ಟರೆ ಯಾರಿಗೂ ಸರಿಯಾಗಿ ಕನ್ನಡ ಬರುತ್ತಿರಲಿಲ್ಲ. ಕೋಲ್ಕತ್ತಾ ಕಡೆಯ ಒಬ್ಬ ಹುಡುಗಿ, ಕೊಚ್ಚಿಯ ಜೋಯಲ್, ಹೀಗೆ. ಅವರು ಅಲ್ಲಿ ವಿಶೇಷವೇನನ್ನೂ ಮಾಡುತ್ತಿರಲಿಲ್ಲ. ಊಟ ಮಾಡುತ್ತಿದ್ದರು, ಹರಟುತ್ತಿದ್ದರು, ಒಬ್ಬರ ಉಗುರಿಗೆ ಇನ್ನೊಬ್ಬರು ಬಣ್ಣ ಹಚ್ಚಿ ಗಂಟೆ ಹೊಡೆಯುವುದರೊಳಗೆ ಒರೆಸಿ ಹೋಗುತ್ತಿದ್ದರು. ಕಾವ್ಯಾ ಒಮ್ಮೊಮ್ಮೆ ಫೋನಿನಿಂದ ಏನಾದರೂ ಓದಿ ಹೇಳುತ್ತಿದ್ದಳು: ಕಾನೂನು ಏನನ್ನುತ್ತದೆ, ಯಾವ ನಂಬರಿಗೆ ಕರೆ ಮಾಡಬಹುದು, ಮನೆಯಲ್ಲಿ ಹೇಳುವುದಿದ್ದರೆ ಮೊದಲು ಯಾರಿಗೆ ಹೇಳಬೇಕು. ಉಳಿದವರು ಊಟ ಮಾಡುತ್ತಲೇ ಕೇಳಿಸಿಕೊಳ್ಳುತ್ತಿದ್ದರು.

ವಿನಾಯಕ ಬಂದವನೇ ಮೊದಲು ಸ್ಟಾಫ್ ಟಾಯ್ಲೆಟ್ಟಿನ ಬೀಗದ ಕೈ ಕೇಳುತ್ತಿದ್ದ. ಕೆಳಗಿನ ಹುಡುಗರ ಟಾಯ್ಲೆಟ್ಟಿನ ಬಾಗಿಲಲ್ಲಿ ಅವನದೇ ತರಗತಿಯ ಹರ್ಷಿತ್ ಮತ್ತವನ ಗುಂಪು ಅಡ್ಡ ನಿಲ್ಲುತ್ತಿತ್ತು. "ಲೇಡೀಸ್ ಆ ಕಡೆ ಮಚ್ಚಾ." ಹಾಗಾಗಿ ವಿನಾಯಕ ಬೆಳಗಿನಿಂದ ನೀರು ಕುಡಿಯುತ್ತಿರಲಿಲ್ಲ. ಇಲ್ಲಿಗೆ ಬಂದು, ಹೋಗಿ, ಆಮೇಲೆ ಬಾಟಲಿ ಎತ್ತಿ ಗಟಗಟ ಮುಕ್ಕಾಲು ಖಾಲಿ ಮಾಡಿ ಬೆಂಚಿನ ಮೇಲೆ ತಲೆಯಿಟ್ಟು ಮಲಗಿಬಿಡುತ್ತಿದ್ದ. ಅವನು ಒಬ್ಬ ಗೆಳೆಯನನ್ನು ನಂಬಿ, ತನಗೆ ಒಬ್ಬ ಹುಡುಗ ಇಷ್ಟ ಎಂದು ಹೇಳಿದ್ದ. ಗೆಳೆಯ ಅದನ್ನು ಸ್ಕೂಲ್ ಬಸ್ಸಿಗೆಲ್ಲ ಹೇಳಿದ್ದ. ಅಂದಿನಿಂದ ಅವನ ಹೆಸರು ಒಂಬತ್ತು. ಈ ಊರಿನ ಬೀದಿಗಳಲ್ಲಿ ಗಂಡಸಲ್ಲದ ಗಂಡಸಿಗೆ ಅನ್ನುವ ಮಾತದು, ತಮಿಳಿನಿಂದ ಬಂದದ್ದು. ಗಣಿತದ ತರಗತಿಯಲ್ಲಿ ಉತ್ತರ ಒಂಬತ್ತು ಬಂದರೆ ಇಡೀ ಕ್ಲಾಸು ಅವನ ಕಡೆ ತಿರುಗಿ ನಗುತ್ತಿತ್ತು. ಗಣಿತದ ಟೀಚರ್ ದೆಹಲಿಯವರು, ಪಾಪ, ಮಕ್ಕಳು ಖುಷಿಯಾಗಿದ್ದಾರೆ ಎಂದು ತಾವೂ ನಗುತ್ತಿದ್ದರು.

ಮಲಗಿದ್ದರೂ ವಿನಾಯಕನಿಗೆ ಪೂರ್ತಿ ನಿದ್ದೆ ಹತ್ತುತ್ತಿರಲಿಲ್ಲ. ಕಾರಿಡಾರಿನಲ್ಲಿ ಹೆಜ್ಜೆ ಸದ್ದಾದರೆ ಎಲ್ಲರಿಗಿಂತ ಮೊದಲು ತಲೆ ಎತ್ತುತ್ತಿದ್ದವನು ಅವನು. ಅವನು ಎತ್ತಿದ್ದು ನೋಡಿ ಕಾವ್ಯಾ ಕೈ ಎತ್ತುತ್ತಿದ್ದಳು, ತಕ್ಷಣ ಎಲ್ಲರೂ ಒಂದೇ ದನಿಯಲ್ಲಿ ಶುರು ಮಾಡುತ್ತಿದ್ದರು:

"ಕ ಕಾ ಕಿ ಕೀ ಕು ಕೂ..."

ಇದು ನಿವೇದಿತಾ ಹೇಳಿಕೊಟ್ಟ ಉಪಾಯ. ಕನ್ನಡ ಸಂಘ ಅಂದ ಮೇಲೆ ಕನ್ನಡ ಕೇಳಿಸಬೇಕಲ್ಲ. ಬಾಗಿಲು ತೆರೆದ ಕೋಆರ್ಡಿನೇಟರು ಮೀಸೆ ಬಂದ ಹುಡುಗರು ಕಾಗುಣಿತ ಒಪ್ಪಿಸುವುದನ್ನು ಕಂಡು, "ಸಾರಿ, ಕಂಟಿನ್ಯೂ," ಎಂದು ಬಾಗಿಲೆಳೆದುಕೊಂಡು ಹೋಗುತ್ತಿದ್ದರು. ಯಾರೂ ಎರಡನೇ ಸಲ ಬರುತ್ತಿರಲಿಲ್ಲ.

ಸೆಪ್ಟೆಂಬರ್ ಕೊನೆಯಲ್ಲಿ ಟ್ಯಾಂಕು ಸೋರತೊಡಗಿತು. ಅದನ್ನು ನೋಡಲು ಟ್ರಸ್ಟಿ ವೆಂಕಟರಮಣಪ್ಪನವರೇ ಬಂದರು. ಶಾಲೆ ನಿಂತಿರುವುದು ಅವರ ರಾಗಿ ಹೊಲದ ಮೇಲೆ. ಈಗ ಅವರು ಬಿಳಿ ಪಂಚೆ, ಬಿಳಿ ಶರ್ಟು, ಕೈಯಲ್ಲಿ ಎರಡು ಫೋನು. ಆದರೂ ನಲ್ಲಿ, ಪೈಪು, ಮೋಟಾರು ಎಂದರೆ ತಾವೇ ಮೆಟ್ಟಿಲು ಹತ್ತುತ್ತಾರೆ. ಹೆಜ್ಜೆ ಸದ್ದಾಯಿತು, ವಿನಾಯಕನ ತಲೆ ಎದ್ದಿತು, ಕಾಗುಣಿತ ಶುರುವಾಯಿತು.

ವೆಂಕಟರಮಣಪ್ಪ ಬಾಗಿಲು ತೆರೆದರು. ಎಲ್ಲರಂತೆ ಮುಚ್ಚಿಕೊಂಡು ಹೋಗಲಿಲ್ಲ. ಹೊಸ್ತಿಲಲ್ಲೇ ನಿಂತುಬಿಟ್ಟರು. ಮಕ್ಕಳಿಗೆ ನಿಲ್ಲಿಸುವುದು ಹೇಗೆಂದು ತಿಳಿಯದೆ ಕಕಾರ ಮುಗಿಸಿ ಖಕಾರಕ್ಕೆ ಹೋದರು, ಗಕಾರಕ್ಕೆ ಹೋದರು.

"ಯಾವೂರಮ್ಮ ನಿಂದು?"

"ಕೋಲ್ಕತ್ತಾ ಅಂಕಲ್."

"ನಿಂದು?"

"ಕೊಚ್ಚಿ," ಎಂದ ಜೋಯಲ್.

ಮುದುಕರ ಕಣ್ಣಲ್ಲಿ ನೀರು ಬಂತು. "ನೋಡಮ್ಮ ಟೀಚರೇ," ಎಂದರು ನಿವೇದಿತಾಳಿಗೆ, "ನಮ್ಮ ಜಮೀನ್ ಮೇಲೆ ಕಟ್ಟಿರೋ ಸ್ಕೂಲು. ಗೇಟಲ್ಲಿ ಸೆಕ್ಯೂರಿಟಿಯವ್ನು ನನ್ನನ್ನೇ ಕೇಳ್ತಾನೆ, ಕೌನ್ ಹೋ ಅಂತ. ಒಳಗ್ ಬಂದ್ರೆ ಎಲ್ಲಾ ಇಂಗ್ಲಿಷು. ಇಲ್ ನೋಡಿದ್ರೆ ಊಟದ್ ಟೈಮಲ್ಲಿ, ಯಾರೂ ಏಳ್ದೆ, ಬಂಗಾಳದ್ ಮಗು ಕಾಗುಣಿತ ಏಳ್ತೈತೆ. ಇಂಗೂ ಉಂಟಾ?"

ನಿವೇದಿತಾ ಏನು ಹೇಳುವುದು? "ಮಕ್ಕಳಿಗೆ ಆಸಕ್ತಿ ಸಾರ್," ಎಂದಳು.

ಆ ಮೂರು ಮಾತು ಸಾಕಾಯಿತು. ವಾರದೊಳಗೆ ಎಲ್ಲ ನಿಶ್ಚಯವಾಯಿತು. ನವೆಂಬರಿನ ರಾಜ್ಯೋತ್ಸವಕ್ಕೆ ಕನ್ನಡ ಸಂಘದ ಮಕ್ಕಳು ಸ್ಟೇಜಿನ ಮೇಲೆ ಕಾಗುಣಿತ ಹೇಳಬೇಕು. ವಿನಾಯಕ ಬಾಗಲಕೋಟೆ ಕಡೆಯ ಮನೆಯ ಹುಡುಗನಾದ್ದರಿಂದ ಭಾಷಣ ಮಾಡಬೇಕು. ಟ್ರಸ್ಟಿಗಳು ಎಲ್ಲರಿಗೂ ಶಾಲು ಹೊದಿಸುತ್ತಾರೆ. ಆಮೇಲೆ ಮೈಕಿನಲ್ಲಿ ಒಂದು ಘೋಷಣೆ: ಇನ್ನು ಮುಂದೆ ಎಂಟು ಮತ್ತು ಒಂಬತ್ತನೇ ತರಗತಿಯ ಎಲ್ಲರೂ ಊಟದ ಬಿಡುವಿನಲ್ಲಿ ಕಡ್ಡಾಯವಾಗಿ ಕನ್ನಡ ಸಂಘಕ್ಕೆ ಹೋಗತಕ್ಕದ್ದು.

"ಎಲ್ಲರೂ ಅಂದ್ರೆ?" ಎಂದು ಕೇಳಿದ ವಿನಾಯಕ.

"ಎಲ್ಲರೂ," ಎಂದಳು ನಿವೇದಿತಾ.

"ಹರ್ಷಿತ್?"

ಅವಳು ನೋಟ್‌ಬುಕ್ಕಿನ ಮೇಲೆ ಬಾಗಿದಳು. ಅವನು ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದ. ಅಂದು ನೀರು ಕುಡಿಯಲಿಲ್ಲ.

ನಿವೇದಿತಾ ಪ್ರಿನ್ಸಿಪಾಲರ ಬಳಿ ಹೋದಳು. ಕೋಣೆ ಚಿಕ್ಕದು ಎಂದಳು. ಆಡಿಟೋರಿಯಮ್ ಕೊಡೋಣ ಎಂದರು. ಮಕ್ಕಳಿಗೆ ಹಿಂಸೆಯಾಗುತ್ತದೆ ಎಂದಳು. ಪ್ರಿನ್ಸಿಪಾಲರು ಕನ್ನಡಕ ತೆಗೆದು ಮೂಗು ಒತ್ತಿಕೊಂಡರು. "ನಿವೇದಿತಾ, ನವೆಂಬರ್‌ನಲ್ಲಿ ಕನ್ನಡ ಬೇಡ ಅಂತ ಹೇಳೋ ಧೈರ್ಯ ಈ ಊರಲ್ಲಿ ಯಾರಿಗಿದೆ? ನಿಮಗೇ ಒಳ್ಳೇದು. ನಿಮ್ಮ ಕೆಲಸದ ಕನ್ಫರ್ಮೇಶನ್ ಈ ಸಲ ಆಗ್ಬಹುದು."

ವೆಂಕಟರಮಣಪ್ಪನವರ ಬಳಿಗೂ ಹೋದಳು. ಅವರು ಗೇಟಿನ ಬಳಿ ಬಾಳೆಕಂಬ ಎಲ್ಲಿ ನಿಲ್ಲಿಸಬೇಕೆಂದು ನೋಡುತ್ತಿದ್ದರು. ನಿಜ ಹೇಳಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಒಳ್ಳೆಯ ಮನುಷ್ಯ. ಆದರೆ ಒಳ್ಳೆಯ ಮನುಷ್ಯರು ಯಾವ ವಿಷಯದಲ್ಲಿ ಎಲ್ಲಿಯವರೆಗೆ ಒಳ್ಳೆಯವರಾಗಿರುತ್ತಾರೆ ಎನ್ನುವುದು ಹೇಳಿದ ಮೇಲೇ ಗೊತ್ತಾಗುವುದು. ಹೇಳಿದ ಮೇಲೆ ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ. ಅದೂ ಅವಳ ಗುಟ್ಟಲ್ಲ, ಮಕ್ಕಳದ್ದು.

"ಸಾರ್, ಆ ಮಕ್ಕಳಿಗೆ ಸ್ಟೇಜ್ ಅಂದ್ರೆ ಭಯ."

"ಭಯ ಇರ್ತದಮ್ಮ. ಬಿಡಿಸ್ಬೇಕು. ಅದಕ್ಕೇ ಅಲ್ವಾ ನೀವಿರೋದು?"

ಮರುದಿನ ಮೂರನೇ ಮಹಡಿಯಲ್ಲಿ ಜಗಳವಾಯಿತು. ಕಾವ್ಯಾಳಿಗೆ ಸಿಟ್ಟು ಬಂದಿತ್ತು.

"ನಾವೇ ಹೇಳ್ಬಿಡೋಣ ಮೇಡಂ. ಮೈಕ್ ಕೈಗೆ ಕೊಡ್ತಾರಲ್ಲ. ಇದು ಕನ್ನಡ ಸಂಘ ಅಲ್ಲ, ನಾವು ಇಂಥವರು, ನಮ್ಮನ್ನ ಹಿಂಗೆ ಹಿಂಸೆ ಮಾಡ್ತಿದೀರಾ ಅಂತ."

"ನೀನು ಮುಂದಿನ ವರ್ಷ ಸ್ಕೂಲ್ ಮುಗಿಸಿ ಹೋಗ್ತೀಯ ಅಕ್ಕಾ," ಎಂದ ವಿನಾಯಕ. ತಲೆ ಬೆಂಚಿನ ಮೇಲೇ ಇತ್ತು. "ನಾನು ಇದೇ ಬಸ್ಸಲ್ಲಿ ಇನ್ನೂ ಮೂರು ವರ್ಷ ಹೋಗ್ಬೇಕು."

ಕಾವ್ಯಾ ಬೆಂಚಿನ ತುದಿಯಲ್ಲಿ ಕೂತುಬಿಟ್ಟಳು. ಅವಳಿಗೂ ಸಾಕಾಗಿತ್ತು.

"ಹೋಗ್ದೇ ಇದ್ರೆ? ಎಲ್ರೂ ಜ್ವರ ಅನ್ನೋಣ," ಎಂದ ಜೋಯಲ್.

"ಆಗ ಪ್ರೋಗ್ರಾಂ ಮುಂದಕ್ಕೆ ಹಾಕ್ತಾರೆ. ಟ್ರಸ್ಟಿ ಮನೆಗೇ ಹಣ್ಣು ತಗೊಂಡು ಬರ್ತಾರೆ," ಎಂದಳು ಕಾವ್ಯಾ.

ಆಮೇಲೆ ವಿನಾಯಕ ಎದ್ದು ಕೂತ.

"ಮೇಡಂ, ನಮ್ಮ ಕ್ಲಬ್‌ಗೆ ಮೊದ್ಲು ಯಾಕೆ ಯಾರೂ ಬರ್ತಿರ್ಲಿಲ್ಲ?"

"ಯಾರಿಗೂ ಬೇಕಾಗಿರ್ಲಿಲ್ಲ."

"ಹಂಗಾದ್ರೆ ಮತ್ತೆ ಬೇಡದ ಹಾಗೆ ಮಾಡೋಣ. ಸ್ಟೇಜ್ ಮೇಲೆ ಎಲ್ಲಾ ತಪ್ಪು ಹೇಳೋಣ. ಟ್ರಸ್ಟಿ ಸಾರ್‌ಗೆ ನಾಚ್ಕೆ ಆಗ್ಬೇಕು. ಅನೌನ್ಸ್ ಮಾಡೋಕೆ ಬಾಯೇ ಬರಬಾರ್ದು."

"ನಗ್ತಾರೋ," ಎಂದಳು ನಿವೇದಿತಾ.

"ಈಗ ನಗಲ್ವಾ?"

ಅವಳು ಅವನ ಮುಖ ನೋಡಿದಳು. ಹದಿನಾಲ್ಕು ವರ್ಷದ ಮುಖದಲ್ಲಿ ಪಾಳಿ ಮುಗಿಸಿ ಬಂದ ಕಾರ್ಮಿಕನ ಸುಸ್ತಿತ್ತು. ಬೇಡ ಎನ್ನಬೇಕಾಗಿತ್ತು. ಇದಕ್ಕಿಂತ ಒಳ್ಳೆಯದೊಂದು ಅವಳಿಗೆ ಹೊಳೆದಿದ್ದರೆ ಅನ್ನುತ್ತಿದ್ದಳೇನೋ.

ಅಭ್ಯಾಸ ಶುರುವಾಯಿತು. ಅದು ಸುಲಭವಾಗಿರಲಿಲ್ಲ. ಇಷ್ಟು ತಿಂಗಳು ಹೆಜ್ಜೆ ಸದ್ದಿಗೆಲ್ಲ ಹೇಳಿ ಹೇಳಿ ಕಾಗುಣಿತ ಅವರಿಗೆ ನಿಜವಾಗಿಯೂ ಬಂದುಬಿಟ್ಟಿತ್ತು. ಕೋಲ್ಕತ್ತಾದ ಹುಡುಗಿ ತಪ್ಪು ಹೇಳಲು ಹೋಗಿ ಮೂರನೇ ಅಕ್ಷರಕ್ಕೆ ಸರಿದಾರಿಗೆ ಬೀಳುತ್ತಿದ್ದಳು. ಜೋಯಲ್ ನಗು ತಡೆಯಲಾರದೆ ಹೊರಗೆ ಹೋಗುತ್ತಿದ್ದ. ಕನ್ನಡದ ಟೀಚರಾದ ನಿವೇದಿತಾ ಬೋರ್ಡಿನ ಮುಂದೆ ನಿಂತು, "ಇಲ್ಲ, ಇನ್ನೂ ಸರಿಯಾಗೇ ಇದೆ, ಇನ್ನೊಂದ್ಸಲ," ಎನ್ನುತ್ತಿದ್ದಳು. ಆ ದಿನಗಳಲ್ಲಿ ಮಾತ್ರ ಆ ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕರು.

ವಿನಾಯಕನದು ಬೇರೆ ಕಷ್ಟ. ಅವನ ಕನ್ನಡ ಚೆನ್ನಾಗಿತ್ತು. ಮನೆಯಲ್ಲಿ ಅವನ ಆಯಿ, ಅಪ್ಪನ ತಾಯಿ ಮಹಾಂತಮ್ಮ ಇದ್ದರು. ಅಪ್ಪ ಅಮ್ಮ ಇಬ್ಬರೂ ಆಫೀಸಿಗೆ ಹೋದ ಮೇಲೆ ಹತ್ತನೇ ಮಹಡಿಯ ಆ ಫ್ಲ್ಯಾಟಿನಲ್ಲಿ ಆಯಿಗೆ ಮಾತಿಗೆ ಸಿಗುತ್ತಿದ್ದವನು ಸಂಜೆ ಶಾಲೆ ಮುಗಿಸಿ ಬರುವ ಮೊಮ್ಮಗನೊಬ್ಬನೇ.

"ಆಯಿನೂ ಬರ್ತಾರೆ ಮೇಡಂ," ಎಂದ ಕಾರ್ಯಕ್ರಮದ ಹಿಂದಿನ ದಿನ. "ಅಪ್ಪಂಗೆ ಮೀಟಿಂಗ್. ಆಯಿ ಮಾತ್ರ ಇಳಕಲ್ ಸೀರೆ ತೆಗೆದಿಟ್ಟಿದಾರೆ."

"ಹೇಳ್ಬೇಕಿತ್ತು ಮೊದ್ಲೇ. ಬರ್ಬೇಡಿ ಅನ್ನಬಹುದಿತ್ತು."

"ಏನಂತ ಹೇಳ್ಲಿ?"

ಶನಿವಾರ ಮೈದಾನದಲ್ಲಿ ಶಾಮಿಯಾನ. ಹಳದಿ ಕೆಂಪು ಬಲೂನು. ವರ್ಷವಿಡೀ ಸೂಟು ಹಾಕುವ ಪ್ರಿನ್ಸಿಪಾಲರು ರೇಷ್ಮೆ ಸೀರೆ ಉಟ್ಟು ಎಲ್ಲರಿಗೂ "ನಮಸ್ಕಾರ" ಎನ್ನುತ್ತಿದ್ದರು. ಎಲ್ಲೋ ಮಧ್ಯದ ಸಾಲಿನಲ್ಲಿ ಹರ್ಷಿತ್‌ನ ಗುಂಪು ಕಾಲು ಚಾಚಿ ಕೂತಿತ್ತು. ಮುಂದಿನ ಸಾಲಿನಲ್ಲಿ, ಹಣೆಗೆ ವಿಭೂತಿ ಹಚ್ಚಿಕೊಂಡ ಒಬ್ಬ ಅಜ್ಜಿ ಸೆರಗು ಸರಿಮಾಡಿಕೊಳ್ಳುತ್ತ ನೆಟ್ಟಗೆ ಕೂತಿದ್ದರು.

ಕಾಗುಣಿತ ಅಂದುಕೊಂಡ ಹಾಗೇ ಹೋಯಿತು. ಜೋಯಲ್ 'ಕಿ'ಯಿಂದ ನೇರ 'ಕೋ'ಗೆ ಹಾರಿದ. ಕೋಲ್ಕತ್ತಾದ ಹುಡುಗಿ, ಭಯಕ್ಕೋ ಏನೋ, ನಿಜವಾಗಿಯೂ ಎಲ್ಲ ಮರೆತಳು. ಸಭೆಯಲ್ಲಿ ಕಿಸಕಿಸ ಶುರುವಾಯಿತು. ವೆಂಕಟರಮಣಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ತಮ್ಮ ತುಟಿಯಲ್ಲೇ ಸರಿಯಾದ ಅಕ್ಷರಗಳನ್ನು ಹೇಳಿಕೊಡುತ್ತಿದ್ದರು. ಸ್ಟೇಜಿನ ಪಕ್ಕದಿಂದ ನಿವೇದಿತಾ ಅದನ್ನು ನೋಡಬಾರದಿತ್ತು, ನೋಡಿದಳು.

ಆಮೇಲೆ ವಿನಾಯಕ ಮೈಕಿನ ಮುಂದೆ ಬಂದ.

"ಎಲ್ಲರಿಗೂ..." ಎಂದ. ನಿಲ್ಲಿಸಿದ. "ನಮಸ್ಕಾರ್. ನಾನು... ಕನ್ನಡ್... ಮೇಲೆ..."

ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು. ನಗು ಸಾಲಿನಿಂದ ಸಾಲಿಗೆ ಹಬ್ಬಿತು.

"ಸಾರಿ," ಎಂದ ವಿನಾಯಕ. "ಕನ್ನಡ್ ಗೊತ್ತಿಲ್ಲ."

ಈಗ ಇಡೀ ಶಾಮಿಯಾನ ನಕ್ಕಿತು. ಆ ನಗುವಿನ ನಡುವೆ ಮುಂದಿನ ಸಾಲಿನ ಅಜ್ಜಿ ಎದ್ದು ನಿಂತರು. ಅವರ ದನಿಗೆ ಮೈಕು ಬೇಕಿರಲಿಲ್ಲ.

"ಯಾಕೋ ಯಪ್ಪಾ? ಮನ್ಯಾಗ ಪಟಪಟ ಮಾತಾಡ್ತಿ, ಈಗೇನಾತು? ಅಂಜಬ್ಯಾಡ, ಹೇಳು!"

ವಿನಾಯಕ ಆಯಿಯನ್ನು ನೋಡಿದ. ಮೈಕಿನಲ್ಲಿ ಅವನ ಉಸಿರು ಕೇಳಿಸಿತು. ಈಗ ಹೇಳಿಬಿಡುತ್ತಾನೆ ಎಂದುಕೊಂಡಳು ನಿವೇದಿತಾ. ಹೇಳಿಬಿಡಲಿ ಎಂದೂ ಅನ್ನಿಸಿತು ಅವಳಿಗೆ. ಹಾಳಾಗಿ ಹೋಗಲಿ ಆ ಕೋಣೆ.

"ಕನ್ನಡ್ ಗೊತ್ತಿಲ್ಲ," ಎಂದ ವಿನಾಯಕ ಇನ್ನೊಮ್ಮೆ, ಆಯಿಯ ಮುಖ ನೋಡುತ್ತಲೇ.

ಅಜ್ಜಿ ನಿಧಾನವಾಗಿ ಕೂತರು.

ವೆಂಕಟರಮಣಪ್ಪ ಶಾಲುಗಳನ್ನು ಹೊದಿಸಿದರು, ಯಾರ ಮುಖವನ್ನೂ ನೋಡಲಿಲ್ಲ. ಮೈಕಿನ ಮುಂದೆ ಬಂದು, "ಮಕ್ಳು... ಕಲೀತವೆ. ಎಲ್ರೂ ತಿಂಡಿ ತಿಂದ್ಕೊಂಡು ಓಗಿ," ಎಂದು ಇಳಿದುಬಿಟ್ಟರು. ಘೋಷಣೆ ಮಾಡಲಿಲ್ಲ. ನಿವೇದಿತಾಳ ಪಕ್ಕ ಹಾದು ಹೋಗುವಾಗ ನಿಂತು, "ಏನಮ್ಮಾ ಇಂಗ್ ಮಾಡ್ಬಿಟ್ಟೆ," ಎಂದರು. ಬೈದಂತಿರಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ತಿಂಡಿಯ ಸಾಲಿನಲ್ಲಿ ಮಹಾಂತಮ್ಮ ಅವಳನ್ನು ಹುಡುಕಿಕೊಂಡು ಬಂದರು.

"ಬಾಯಾರ, ನೀವೇ ಏನ್ರೀ ಕನ್ನಡ ಕಲಸೋರು?"

"ಹೌದ್ರೀ ಅಮ್ಮಾ." ಎಷ್ಟೋ ದಿನದ ಮೇಲೆ ನಿವೇದಿತಾಳ ಬಾಯಿಗೆ ಊರಿನ ಮಾತು ತಾನಾಗಿ ಬಂತು.

"ನಮ್ಮ ಹುಡುಗ್ಗ ಏನಾಗೇತ್ರಿ? ಸಾಲಿಯಿಂದ ಬಂದಾಂವ ಮಕ್ಕೊಂಡ್ ಬಿಡ್ತಾನ. ಉಣ್ಣಾಕೂ ಏಳಂಗಿಲ್ಲ. ಇವತ್ತ ನೋಡಿದ್ರ ನನ್ನ ಕಡೆ ನೋಡ್ಕೋತ ಭಾಷಾನ ಬರಂಗಿಲ್ಲ ಅಂತಾನ. ನಾ ಬಂದಿದ್ದಕ್ಕ ನಾಚಿಗಿ ಬಂತೇನ್ರಿ ಅವಗ?"

"ಇಲ್ರೀ. ನಿಮ್ಮ ಸಲುವಾಗಿ ಅಲ್ಲ."

"ಮತ್ತ?"

ದೂರದಲ್ಲಿ ವಿನಾಯಕ ಶಾಲು ಹೊದ್ದುಕೊಂಡೇ ನಿಂತಿದ್ದ. ಹರ್ಷಿತ್‌ನ ಗುಂಪು ಅವನ ಮುಂದೆ ಹಾದುಹೋಗುತ್ತ, "ಕನ್ನಡ್ ಗೊತ್ತಿಲ್ಲ, ಕನ್ನಡ್ ಗೊತ್ತಿಲ್ಲ," ಎಂದು ರಾಗ ಎಳೆಯುತ್ತಿತ್ತು.

"ಬೇಕಂತನ ತಪ್ಪು ಹೇಳ್ಯಾನ್ರಿ," ಎಂದಳು ನಿವೇದಿತಾ. "ಯಾಕಂತ ನಾ ಹೇಳಾಕ ಬರಂಗಿಲ್ಲ. ಅವ ಹೇಳಿದಾಗ ಕೇಳ್ರಿ. ಬೈಬ್ಯಾಡ್ರಿ ಅಷ್ಟ."

ಅಜ್ಜಿ ಅವಳ ಮುಖವನ್ನೇ ನೋಡಿದರು. ಏನು ತಿಳಿಯಿತೋ, ಎಷ್ಟು ತಿಳಿಯಿತೋ. "ನಾ ಎಲ್ಲಿ ಬೈತೀನ್ರೀ," ಎಂದು ಹೇಳಿ ಮೊಮ್ಮಗನ ಕಡೆ ನಡೆದರು. ಅವನ ಶಾಲು ತೆಗೆದು ಮಡಚಿ ತಮ್ಮ ಚೀಲದಲ್ಲಿ ಹಾಕಿಕೊಂಡು, ತಟ್ಟೆಯಲ್ಲಿದ್ದ ತಮ್ಮ ಪಾಲಿನ ಮೈಸೂರು ಪಾಕನ್ನು ಅವನ ಕೈಗಿಟ್ಟರು.

ಸೋಮವಾರ ಪ್ರಿನ್ಸಿಪಾಲರು ನಿವೇದಿತಾಳನ್ನು ಕರೆದರು. ಕನ್ಫರ್ಮೇಶನ್ ವಿಷಯ ಮುಂದಿನ ವರ್ಷ ನೋಡೋಣ ಎಂದರು. ಬರುವ ನವೆಂಬರಿಗೆ ಹೊರಗಿನಿಂದ ಡೊಳ್ಳು ಕುಣಿತದವರನ್ನು ಕರೆಸುವುದೆಂದು ಟ್ರಸ್ಟ್ ತೀರ್ಮಾನಿಸಿದೆ ಎಂದರು. ಕನ್ನಡ ಸಂಘವೇ? ಇರಲಿ ಬಿಡಿ, ಇದ್ದ ಹಾಗೆ.

ಊಟದ ಬಿಡುವಿನಲ್ಲಿ ಅವಳು ಮೂರನೇ ಮಹಡಿ ಹತ್ತಿದಳು. ಮೊಣಕಾಲು ನೋಯುತ್ತಿತ್ತು. ಎಲ್ಲರೂ ಬಂದಿದ್ದರು. ವಿನಾಯಕ ಬೀಗದ ಕೈ ತೆಗೆದುಕೊಂಡು ಹೋಗಿ ಬಂದು ನೀರು ಕುಡಿದ.

"ಬಸ್ಸಲ್ಲಿ ಏನಂದ್ರು?" ಎಂದು ಕೇಳಿದಳು ಕಾವ್ಯಾ.

"ಹೊಸ ಹೆಸರು. ಕನ್ನಡ್ ಗೊತ್ತಿಲ್ಲ."

"ಒಂಬತ್ತು ಹೋಯ್ತಾ?"

"ಅದೂ ಇದೆ. ಇದೊಂದು ಜಾಸ್ತಿ." ಅವನು ಬಾಯಿ ಒರೆಸಿಕೊಂಡ. "ಇದು ಪರವಾಗಿಲ್ಲ. ಇದು ನಾನೇ ಕೊಟ್ಟಿದ್ದು."

ಆಯಿ ಏನಾದರೂ ಕೇಳಿದರೇ ಎಂದು ನಿವೇದಿತಾ ವಿಚಾರಿಸಲಿಲ್ಲ. ಅವನೂ ಹೇಳಲಿಲ್ಲ. ಬೆಂಚಿನ ಮೇಲೆ ತಲೆಯಿಟ್ಟ. ಅವಳು ಎಂಟನೇ ತರಗತಿಯ ನೋಟ್‌ಬುಕ್ಕುಗಳ ಕಟ್ಟು ಬಿಚ್ಚಿದಳು. ಜೋಯಲ್ ಯಾರಿಗೋ ಉಗುರಿಗೆ ಬಣ್ಣ ಹಚ್ಚುತ್ತಿದ್ದ.

ಕಾರಿಡಾರಿನಲ್ಲಿ ಹೆಜ್ಜೆ ಸದ್ದಾಯಿತು. ಕಾವ್ಯಾ ಅಭ್ಯಾಸದಂತೆ ಕೈ ಎತ್ತಿದಳು. ಜೋಯಲ್ ಬಣ್ಣದ ಸೀಸೆ ಮುಚ್ಚಿದ. ಎಲ್ಲರೂ ಉಸಿರು ಎಳೆದುಕೊಂಡು ಕಕಾರಕ್ಕೆ ಬಾಯಿ ತೆರೆದು ಕೂತರು. ಹೆಜ್ಜೆ ಬಾಗಿಲ ಹತ್ತಿರ ಬಂತು. ಫಲಕ ಓದುವಷ್ಟು ಹೊತ್ತು ನಿಂತಿತು. ಯಾವುದೋ ಹುಡುಗ, "ಅಯ್ಯೋ, ಕನ್ನಡ ಸಂಘ ಕಣೋ ಇದು, ನಡಿ ನಡಿ," ಎಂದ. ಹೆಜ್ಜೆಗಳು ವಾಪಸ್ ಓಡಿದವು.

ಕಾವ್ಯಾ ಕೈ ಇಳಿಸಿದಳು. ಆಗ ನಿವೇದಿತಾ ಗಮನಿಸಿದಳು, ವಿನಾಯಕ ತಲೆ ಎತ್ತಿರಲೇ ಇಲ್ಲ. ಬಾಯಿ ಸ್ವಲ್ಪ ತೆರೆದಿತ್ತು, ಕೈ ಬೆಂಚಿನಿಂದ ಕೆಳಗೆ ಜೋತುಬಿದ್ದಿತ್ತು. ಗೊರಕೆ ಹೊಡೆಯುತ್ತಿದ್ದ.